ದಮ್ಮು

ನಮ್ಮ ಮನೆಮಾತಿನಲ್ಲಿ 'ದಮ್' ಎಂದರೆ ಉಸಿರು, 'ದಮಾ' ಎಂದರೆ ಉಸಿರಿನ ರೋಗ. ಕನ್ನಡ ಶಾಲೆಯಲ್ಲಿ ಮಾಸ್ತರರು 'ಉಬ್ಬಸ' ಎಂದು ಬರೆಸಿದರು. ಊರವರು ಮಾತ್ರ ಇವತ್ತಿಗೂ 'ದಮ್ಮು' ಎನ್ನುತ್ತಾರೆ. ನಮ್ಮ ಅಮ್ಮಿ ಈ ದಮ್ಮಿನಲ್ಲೇ ಹೋದರು. ಅವರು ಬೀಡಿ ಮುಟ್ಟಿದವರಲ್ಲ. ನಲವತ್ತು ವರ್ಷ ತಿಕೋಟಾದ ಮನೆಯಲ್ಲಿ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿದವರು.

2022ರ ಚಳಿಗಾಲದಲ್ಲಿ ವಿಜಯಪುರದ ನಮ್ಮ ಮನೆಯಲ್ಲಿ ಕಿರಿಯ ಮಗಳ ಎದೆಯಲ್ಲೂ ಸಿಳ್ಳು ಕೇಳಿಸತೊಡಗಿದಾಗ ನಾವು ಹೆದರಿದೆವು. ಔಷಧಿಯ ಜೊತೆಗೆ, ಗಾಳಿ ಶುದ್ಧ ಮಾಡುವ ಯಂತ್ರವೊಂದನ್ನು ಅಲ್ಲಿ ಇಲ್ಲಿ ಹಣ ಹೊಂದಿಸಿ ತಂದೆವು.

ಯಂತ್ರದ ಒಳಗೆ ದೊಡ್ಡ ಮಾಯವೇನೂ ಇಲ್ಲ. ಒಂದು ಫ್ಯಾನು, ಅದರ ಮುಂದೆ ನೆರಿಗೆ ನೆರಿಗೆಯಾಗಿ ಮಡಿಸಿದ ಹೆಪಾ ಎಂಬ ಜರಡಿ. ಪುಪ್ಪುಸದ ಆಳಕ್ಕೆ ಇಳಿಯುವ ಕಣಗಳಿಗೆ ಪಿ.ಎಂ. 2.5 ಎಂದು ಹೆಸರು. ಅಂದರೆ ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣವು. ತಲೆಗೂದಲಿನ ದಪ್ಪ ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು. 0.3 ಮೈಕ್ರಾನ್ ಗಾತ್ರದ ಕಣಗಳನ್ನೂ ಹೆಪಾ ಜರಡಿ ಶೇ. 99.97ರಷ್ಟು ತಡೆಯುತ್ತದೆ. ಆದರೆ ಅದು ತನ್ನೊಳಗೆ ಹಾದುಹೋದ ಗಾಳಿಯ ಲೆಕ್ಕ, ಮನೆಯ ಗಾಳಿಯ ಲೆಕ್ಕವಲ್ಲ.

ಈ ವ್ಯತ್ಯಾಸ ನಮಗೆ ಕಲಿಸಿದ್ದು ಯಂತ್ರದ ಮೇಲಿನ ಪುಟ್ಟ ದೀಪ. ರಾತ್ರಿ ಬಾಗಿಲು ಮುಚ್ಚಿ ಮಗಳು ಮಲಗಿದಾಗ ಅದು ಹಸಿರು. ಅಡುಗೆಮನೆಯಲ್ಲಿ ಒಗ್ಗರಣೆ ಬಿದ್ದರೆ ಕೆಂಪು. ಸೊಳ್ಳೆ ಬತ್ತಿ ಹಚ್ಚಿದರೆ ಕೆಂಪು. ಗುರುವಾರ ಸಂಜೆ ಲೋಬಾನದ ಹೊಗೆ ಹಾಕಿದರೆ ಕಡುಗೆಂಪು! ಬೇಸಿಗೆಯ ಕರಿಮಣ್ಣಿನ ಧೂಳಿನದೇ ದೊಡ್ಡ ಕಾಟ ಎಂದು ನಾವು ತಿಳಿದಿದ್ದೆವು. ಅರ್ಧ ವೈರಿ ಮನೆಯೊಳಗೇ ಇದ್ದ, ಅವನನ್ನು ಕರೆತಂದವರೂ ನಾವೇ. ಸೊಳ್ಳೆ ಬತ್ತಿ ಬಿಟ್ಟು ಪರದೆ ಕಟ್ಟಿದೆವು. ಲೋಬಾನದ ಪಾತ್ರೆ ಅಂಗಳಕ್ಕೆ ಹೋಯಿತು.

ಮರುವರ್ಷ ಆಪಾ ಕೆಮ್ಮುತ್ತಿದ್ದಾಳೆ ಎಂದು ಕೇಳಿ ಯಂತ್ರವನ್ನು ಹೊತ್ತು ತಿಕೋಟಾಕ್ಕೆ ಹೋದೆವು. ಅಮ್ಮಿ ಕೂತ ಒಲೆಯ ಮುಂದೆ ಈಗ ಅಕ್ಕ ಕೂತಿದ್ದಾಳೆ. ಅಂಗಡಿ, ಮದುವೆಗಳಿಗೆ ಕಡಕ್ ರೊಟ್ಟಿ ಮಾಡಿಕೊಡುವುದು ಅವಳ ದುಡಿಮೆ. ಉರುವಲು ತೊಗರಿ ಕಟ್ಟಿಗೆ, ಕುಳ್ಳು, ಚಾಟಣಿಯ ನಂತರ ಉಳಿಯುವ ದ್ರಾಕ್ಷಿ ಕಡ್ಡಿ. ಯಂತ್ರ ಇಡೀ ಬೆಳಗು ಭೋರೆಂದು ತಿರುಗಿತು. ದೀಪ ಒಮ್ಮೆಯೂ ಕೆಂಪಿನಿಂದ ಇಳಿಯಲಿಲ್ಲ. ಅದು ಒಂದು ಪಾಲು ಹೊಗೆ ಎಳೆಯುವುದರೊಳಗೆ ಒಲೆ ಹತ್ತು ಪಾಲು ಉಗುಳುತ್ತಿತ್ತು. ಒಲೆಯಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ನಂಥ ವಿಷಾನಿಲವನ್ನಂತೂ ಹೆಪಾ ಹಿಡಿಯುವುದೇ ಇಲ್ಲ.

ಆಪಾ ನಕ್ಕಳು: "ಹೊಗಿ ಅದ ಅಂತ ಈ ಡಬ್ಬಿ ನನಗ ಹೇಳಬೇಕೇನು? ನನ್ನ ಕಣ್ಣ ಹೇಳ್ತಾವ."

ನಮಗೆ ನಾಚಿಕೆಯಾಯಿತು. ಒಲೆ, ದೀಪಗಳ ಇಂಥ ಮನೆಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ಲೆಕ್ಕದಲ್ಲಿ ಬರುವ ಹೆಂಗಸರ ಮುಂದೆ ನಾವು ಒಂದು ಡಬ್ಬಿ ಇಟ್ಟು ಕೂತಿದ್ದೆವು.

ಹಾಗೆಂದು ಯಂತ್ರ ಮೋಸವಲ್ಲ. ಮಂಗೋಲಿಯಾದ ಉಲಾನ್‌ಬಾತರ್‌ನಲ್ಲಿ ಚಳಿಗಾಲದ ಕಲ್ಲಿದ್ದಲ ಹೊಗೆ ಊರನ್ನೇ ಮುಚ್ಚುತ್ತದೆ. ಅಲ್ಲಿ 2014-15ರಲ್ಲಿ ಗರ್ಭಿಣಿಯರ ಮನೆಗಳಲ್ಲಿ ಹೆಪಾ ಯಂತ್ರ ಇಟ್ಟು ನೋಡಿದರು. ಒಳಗಿನ ಸೂಕ್ಷ್ಮ ಕಣಗಳು ಸರಾಸರಿ ಶೇ. 29ರಷ್ಟು ತಗ್ಗಿದವು. ಮೊದಲಿಗೆ ಶೇ. 40ರಷ್ಟಿದ್ದ ಲಾಭ ಐದು ತಿಂಗಳಲ್ಲಿ ಶೇ. 15ಕ್ಕೆ ಇಳಿದಿತ್ತು.

ಇದನ್ನು ಓದಿದಾಗ ಬಬಲೇಶ್ವರದ ಮಾಮುವಿನ ಮನೆ ನೆನಪಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದಿಂದ ಹೊಗೆ ಕೊಳವೆಯ 'ಅಸ್ತ್ರ ಒಲೆ' ಬಂದಿತ್ತು. ಅಂಥದೇ ಕೊಳವೆ ಒಲೆಯೊಂದು ನಾವು ಚಿಕ್ಕವರಿದ್ದಾಗ ಮಾಮುವಿನ ಮನೆಯಲ್ಲಿತ್ತು. ಮೊದಲ ವರ್ಷ ಮಾಮಿಯ ಕಣ್ಣು ತಣ್ಣಗಿದ್ದವು. ಆಮೇಲೆ ಕೊಳವೆಯಲ್ಲಿ ಮಸಿ ಕಟ್ಟಿತು. ಮಾಳಿಗೆ ಹತ್ತಿ ಕೆರೆಯುವ ಗಂಡಸರು ಯಾರೂ ಸಿಗಲಿಲ್ಲ. ಹೊಗೆ ಮರಳಿ ಒಳಗೆ ಬಂತು, ಕೊನೆಗೆ ಒಲೆಯನ್ನೇ ಒಡೆದರು. ತಪ್ಪು ಒಲೆಯದಲ್ಲ, ನಮ್ಮದು. ಜರಡಿಯಾಗಲಿ ಕೊಳವೆಯಾಗಲಿ, ಅದರ ಮಸಿ ಯಾರದೋ ಕೆಲಸವಾಗಬೇಕು.

ಗ್ಯಾಸ್ ಇಲ್ಲವೇ ಎಂದು ಓದುಗರು ಕೇಳಬಹುದು. ಇದೆ. 2016ರಲ್ಲಿ ಶುರುವಾದ ಉಜ್ವಲಾ ಯೋಜನೆಯಲ್ಲಿ ಆಪಾಳಿಗೂ ಸಂಪರ್ಕ ಸಿಕ್ಕಿತು. ಆದರೆ ಸಿಲಿಂಡರ್ ತುಂಬಿಸಲು ಕಾಸು ಬೇಕು, ತೊಗರಿ ಕಟ್ಟಿಗೆ ಹೊಲದಲ್ಲಿ ಪುಕ್ಕಟೆ. ಹೀಗಾಗಿ ಗ್ಯಾಸು ಚಹಾಕ್ಕೆ, ಒಲೆ ರೊಟ್ಟಿಗೆ.

ಅಂದು ಯಂತ್ರವನ್ನು ವಾಪಸು ತಂದೆವು. ಅದು ಮಗಳ ಮಲಗುವ ಕೋಣೆಗೇ ಸರಿ. ಬದಲಿಗೆ ಆಪಾಳಿಗೆ ಅಗಲ ಹಂಚು ಹಿಡಿಯುವ ಗ್ಯಾಸ್ ಒಲೆ ಕೊಡಿಸಿದೆವು. ಕಟ್ಟಿಗೆ ಒಲೆಯನ್ನು ಹಿತ್ತಲಿಗೆ, ತೆರೆದ ಚಪ್ಪರದ ಕೆಳಗೆ ಸಾಗಿಸಿದೆವು. ಜರಡಿ ಬದಲಿಸುವ ಖರ್ಚನ್ನು ಬರೆಯುವ ಪುಸ್ತಕದಲ್ಲೇ ಈಗ ಅವಳ ಸಿಲಿಂಡರ್ ಖರ್ಚನ್ನೂ ಬರೆಯುತ್ತೇವೆ.

ಮಗಳ ಎದೆಯ ಸಿಳ್ಳು ಕಡಿಮೆಯಾಗಿದೆ. ಆಪಾಳ ಕೆಮ್ಮು ಪೂರ್ತಿ ನಿಂತಿಲ್ಲ. ಇಷ್ಟು ವರ್ಷದ ಹೊಗೆ, ಅಷ್ಟು ಬೇಗ ಬಿಡುವುದೂ ಇಲ್ಲ. ಅಮ್ಮಿ ಇದ್ದಾಗಲೇ ಆ ಒಲೆಯನ್ನು ಹಿತ್ತಲಿಗೆ ಸಾಗಿಸಬಹುದಿತ್ತು. ಅದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ.