ಹೊರೆಗೊಂದು ದಾರಿ

ಹೊರೆ ಹೊರುವುದಕ್ಕೆ ಬಲ ಬೇಕೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಬಲವೊಂದಿದ್ದರೆ ಸಾಲದು. ಹೊರೆಯನ್ನು ಎಲ್ಲಿ ಇಡಬೇಕೆಂಬ ತಿಳಿವೂ ಬೇಕು. ನೀರು ತರುವ ಹೆಂಗಸು ತುಂಬಿದ ಕೊಡವನ್ನು ನೇರವಾಗಿ ನೆತ್ತಿಯ ಮೇಲೆ ಇಟ್ಟುಕೊಳ್ಳುವುದಿಲ್ಲ. ಬಟ್ಟೆಯನ್ನು ಸುತ್ತಿ ಸಿಂಬಿ ಮಾಡಿ, ಅದರ ಮೇಲೆ ಕೊಡವನ್ನು ನಿಲ್ಲಿಸುತ್ತಾಳೆ. ಸಿಂಬಿಯಿಂದ ಕೊಡದ ತೂಕ ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಒಂದೆಡೆ ಒತ್ತಬೇಕಾಗಿದ್ದ ಭಾರ ಸುತ್ತಲೂ ಹಂಚಿಹೋಗುತ್ತದೆ. ಈ ಹಳೆಯ ತಿಳಿವಳಿಕೆ ಇಂದಿನ ಹೊಸ ಸೈಕಲ್ಲಿಗೂ ಬೇಕಾಗಿದೆ.

ನಮ್ಮ ಬೀದಿಗಳ ಹಳೆಯ ಉಕ್ಕಿನ ಸೈಕಲ್ಲು ಸುಮಾರು 20 ಕಿಲೋಗ್ರಾಂ ತೂಗುತ್ತದೆ. ಅದರ ಹಿಂದಿನ ಕ್ಯಾರಿಯರ್ ಹೊರದ ವಸ್ತುವಿಲ್ಲ: ಹಾಲಿನ ಕ್ಯಾನು, ಹುಲ್ಲಿನ ಹೊರೆ, ಸೊಪ್ಪಿನ ಕಟ್ಟು, ಗಿರಣಿಗೆ ಹೊರಟ ರಾಗಿಯ ಚೀಲ, ಶಾಲೆಗೆ ಹೊರಟ ತಂಗಿ. ಉಕ್ಕಿಗೆ ಸಹನೆ ಹೆಚ್ಚು. ಅತಿಯಾಗಿ ಹೇರಿದರೆ ಅದು ಮೊದಲು ಬಾಗುತ್ತದೆ. ಬಾಗಿ ಎಚ್ಚರಿಕೆ ಕೊಡುತ್ತದೆ. ಬಾಗಿದ್ದನ್ನು ರಿಪೇರಿ ಅಂಗಡಿಯವನು ಬಡಿದು ನೆಟ್ಟಗೆ ಮಾಡುತ್ತಾನೆ.

ಕಾರ್ಬನ್ ಸೈಕಲ್ಲಿನ ರೀತಿಯೇ ಬೇರೆ. ಕೂದಲಿಗಿಂತಲೂ ಬಹಳ ತೆಳುವಾದ ಇಂಗಾಲದ ಎಳೆಗಳನ್ನು ಎಪಾಕ್ಸಿ ಎಂಬ ಅಂಟಿನಲ್ಲಿ ಪದರಪದರವಾಗಿ ಕೂಡಿಸಿ ಅದರ ಚೌಕಟ್ಟನ್ನು ಮಾಡುತ್ತಾರೆ. ಒಂದು ಕಿಲೋಗ್ರಾಂ ಆಸುಪಾಸು ತೂಗುವ ಆ ಚೌಕಟ್ಟು ಸವಾರನ ಪೂರ್ಣ ಭಾರವನ್ನು ಹೊರಬಲ್ಲುದು. 1986ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್ ಅಂತಹ ಕೊಳವೆಗಳ ಸೈಕಲ್ಲನ್ನೇರಿ ಟೂರ್ ಡಿ ಫ್ರಾನ್ಸ್ ಪಂದ್ಯವನ್ನು ಗೆದ್ದನು. ಹಗುರತನದ ಈ ಹಂಬಲಕ್ಕೆ ಮಿತಿ ಬೇಕೆಂದು, ಪಂದ್ಯದ ಸೈಕಲ್ಲು 6.8 ಕಿಲೋಗ್ರಾಂಗಿಂತ ಕಡಿಮೆ ಇರಕೂಡದೆಂಬ ಅಂತರರಾಷ್ಟ್ರೀಯ ನಿಯಮವೂ 2000ದಲ್ಲಿ ಜಾರಿಗೆ ಬಂದಿತು.

ಇಂತಹ ಸೈಕಲ್ಲನ್ನು ಕೊಂಡ ತರುಣನೊಬ್ಬ ಅದರಲ್ಲಿಯೇ ಕಾಲೇಜಿಗೆ ಪುಸ್ತಕ ಹೊತ್ತೊಯ್ಯಲು ಬಯಸಿದನೆನ್ನಿ. ಪಂದ್ಯದ ಚೌಕಟ್ಟಿನಲ್ಲಿ ಕ್ಯಾರಿಯರಿಗೆ ಬೇಕಾದ ಬೋಲ್ಟಿನ ತೂತುಗಳು ಸಾಮಾನ್ಯವಾಗಿ ಇರುವುದಿಲ್ಲ. ಅವನು ಕಬ್ಬಿಣದ ಪಟ್ಟಿಗಳೊಡನೆ ವೃದ್ಧ ಮೆಕ್ಯಾನಿಕ್ಕನ ಬಳಿಗೆ ಹೋಗುತ್ತಾನೆ.

“ಯಜಮಾನರೇ, ಲಕ್ಷ ರೂಪಾಯಿಯ ಸೈಕಲ್ಲು ಇದು. ಹತ್ತು ಕಿಲೋ ಪುಸ್ತಕ ಹೊರಲಾರದೇ? ಈ ಪಟ್ಟಿಗಳನ್ನು ಹಿಂದಿನ ಕೊಳವೆಗಳಿಗೆ ಸುತ್ತಿ ಬಿಗಿದುಕೊಡಿ.”

“ಬಿಗಿಯುವುದು ಕಷ್ಟವಲ್ಲ, ತಮ್ಮಾ. ಆದರೆ ಬಿದಿರನ್ನು ನೋಡಿದ್ದೀಯಲ್ಲ? ನೆಟ್ಟಗೆ ನಿಲ್ಲಿಸಿದರೆ ಚಪ್ಪರವನ್ನು ಹೊರುತ್ತದೆ. ಅಡ್ಡಲಾಗಿ ಇಕ್ಕುಳದಲ್ಲಿ ಹಿಡಿದು ಅಮುಕಿದರೆ ಸೀಳಿಹೋಗುತ್ತದೆ. ಇದೂ ಹಾಗೆಯೇ.”

ಮುದುಕನ ಮಾತಿನಲ್ಲಿ ವಿಜ್ಞಾನವಿದೆ. ಇಂಗಾಲದ ಎಳೆಯ ಬಲವೆಲ್ಲ ಅದರ ಉದ್ದಕ್ಕೆ ಸೇರಿದ್ದು. ಚೌಕಟ್ಟನ್ನು ರೂಪಿಸಿದವರು ಸವಾರನ ಭಾರ ಹರಿಯುವ ದಿಕ್ಕುಗಳನ್ನು ಲೆಕ್ಕಹಾಕಿ, ಎಳೆಗಳನ್ನು ಅದಕ್ಕೆ ತಕ್ಕಂತೆ ಹಾಸಿರುತ್ತಾರೆ. ಹೊರಗಿನಿಂದ ಪಟ್ಟಿ ಸುತ್ತಿ ಅಮುಕಿದರೆ, ತೆಳುವಾದ ಕೊಳವೆಯ ಗೋಡೆ ಅದು ಎಂದೂ ನಿರೀಕ್ಷಿಸದ ಕಡೆಯಿಂದ ಪೆಟ್ಟು ತಿನ್ನುತ್ತದೆ. ಒಳಗೆ ಪದರಗಳು ಬಿಟ್ಟುಕೊಂಡರೂ ಮೇಲಿನ ಬಣ್ಣ ಮಾಸದೆ ಇರಬಹುದು. ಕಾರ್ಬನ್ ಉಕ್ಕಿನಂತೆ ಬಾಗಿ ಎಚ್ಚರಿಸುವುದಿಲ್ಲ. ಇಳಿಜಾರಿನಲ್ಲಿ ಥಟ್ಟನೆ ಮುರಿದರೆ ಸವಾರನ ಪ್ರಾಣಕ್ಕೇ ಅಪಾಯ.

ಹಾಗಾದರೆ ಪುಸ್ತಕದ ಹೊರೆಗೆ ಗತಿ ಏನು? ಅದಕ್ಕೆ ಬೇರೊಂದು ದಾರಿ ತೋರಿಸಬೇಕು. ಹಿಂಚಕ್ರದ ಅಚ್ಚನ್ನು ತೆಗೆದು, ಚೌಕಟ್ಟಿನ ಅಳತೆಗೂ ಮರೆಗೂ ಸರಿಹೊಂದುವ, ಕ್ಯಾರಿಯರಿಗೆಂದೇ ಮಾಡಿದ ಅಚ್ಚನ್ನು ಹಾಕುತ್ತಾರೆ. ಕ್ಯಾರಿಯರಿನ ಎರಡು ಕಾಲುಗಳೂ ಅದರ ತುದಿಗಳ ಮೇಲೆ ನಿಲ್ಲುತ್ತವೆ. ಆಗ ಭಾರದ ಬಹುಪಾಲು ಅಚ್ಚಿಗೆ, ಅಚ್ಚಿನಿಂದ ಚಕ್ರಕ್ಕೆ, ಚಕ್ರದಿಂದ ನೆಲಕ್ಕೆ ಇಳಿಯುತ್ತದೆ. ಕ್ಯಾರಿಯರ್ ಹಿಂದಕ್ಕೂ ಮುಂದಕ್ಕೂ ವಾಲದಂತೆ ಹಿಡಿಯಲು ಮೇಲೊಂದು ಆಸರೆ ಸಾಕು. ಅದನ್ನು ಸೀಟಿನ ಕಂಬದ ಬುಡದ ಬಳೆಯನ್ನು ಬದಲಿಸಿ, ತೂತುಗಳಿರುವ ಬಳೆಯನ್ನು ಹಾಕಿ ಜೋಡಿಸುತ್ತಾರೆ.

ಇಷ್ಟಕ್ಕೇ ಎಚ್ಚರ ಮುಗಿಯಲಿಲ್ಲ. ಚೌಕಟ್ಟಿನ ತಯಾರಕರು ಕ್ಯಾರಿಯರಿಗೆ ಒಪ್ಪಿಗೆ ಕೊಟ್ಟಿದ್ದಾರೆಯೇ, ಎಷ್ಟು ಭಾರಕ್ಕೆ ಕೊಟ್ಟಿದ್ದಾರೆ ಎಂಬುದನ್ನು ಕೈಪಿಡಿಯಲ್ಲಿ ಓದಬೇಕು. ಬೋಲ್ಟನ್ನು ತೋಳಿನ ಬಲದಿಂದಲ್ಲ, ಬಿಗಿತವನ್ನು ಅಳೆಯುವ ಟಾರ್ಕ್ ವ್ರೆಂಚಿನಿಂದ ಬಿಗಿಯಬೇಕು. ಚೀಲ ತೀರ ಮುಂದಿದ್ದರೆ ಪೆಡಲು ತುಳಿಯುವ ಹಿಮ್ಮಡಿಗೆ ತಾಗುತ್ತದೆ. ತೀರ ಹಿಂದಿದ್ದರೆ ಸೈಕಲ್ಲು ಓಲಾಡುತ್ತದೆ. ಆಗಾಗ ಚೌಕಟ್ಟನ್ನು ಒರೆಸಿ, ಬಿರುಕುಂಟೇ ಎಂದು ನೋಡಬೇಕು. ಗಡಿಗೆ ಕೊಳ್ಳುವವರು ಬೆರಳಿನಿಂದ ತಟ್ಟಿ ಸದ್ದು ಕೇಳುವಂತೆ, ಬಲ್ಲವರು ನಾಣ್ಯದಿಂದ ಕೊಳವೆಯನ್ನು ಮೆಲ್ಲಗೆ ತಟ್ಟುತ್ತಾರೆ. ಒಂದೆಡೆ ಸದ್ದು ಮಂಕಾಗಿದ್ದರೆ ಪರಿಣತರಿಗೆ ತೋರಿಸದೆ ಸವಾರಿ ಮಾಡುವುದು ತರವಲ್ಲ.

ವಸ್ತುವನ್ನು ಬಳಸುವವನು ಅದರ ಬೆಲೆಯನ್ನು ಅರಿತರೆ ಸಾಲದು, ಸ್ವಭಾವವನ್ನು ಅರಿಯಬೇಕು. ಉಕ್ಕು ಸಹಿಸುವುದನ್ನು ಕಾರ್ಬನ್ ಸಹಿಸಲಾರದು. ಕಾರ್ಬನ್ ಕೊಡುವ ಹಗುರತನವನ್ನು ಉಕ್ಕು ಕೊಡಲಾರದು. ಇದರಲ್ಲಿ ಮೇಲುಕೀಳಿಲ್ಲ. ಮನುಷ್ಯರ ವಿಷಯದಲ್ಲಿಯೂ ಅಷ್ಟೆ. ಒಬ್ಬನು ಒಂದು ಕೆಲಸದಲ್ಲಿ ಗಟ್ಟಿಗನೆಂದ ಮಾತ್ರಕ್ಕೆ ಎಲ್ಲ ಹೊರೆಗಳನ್ನೂ ಎಲ್ಲ ಕಡೆಯಿಂದಲೂ ಅವನ ಮೇಲೆ ಹೇರುವುದು ನ್ಯಾಯವಲ್ಲ. ಅವನ ಬಲ ಯಾವ ಕಡೆಗಿದೆಯೆಂದು ನೋಡಿ, ಹೊರೆಯನ್ನು ಆ ದಾರಿಯಲ್ಲಿ ಇಳಿಸುವುದೇ ವಿವೇಕ.