ಶನಿವಾರ ತೇಲಿಗಳ ಎಣ್ಣೆ ಹಬ್ಬ

ಮಸ್ಜಿದ್ ಬಂದರ್ ಸ್ಟೇಷನ್ನಿನ ಹೊರಗೆ ಕೈಗಾಡಿಗಳ ನಡುವೆ ನುಸುಳುವುದೇ ಒಂದು ವಿದ್ಯೆ. ಸ್ಯಾಮ್ಯುಯಲ್ ಸ್ಟ್ರೀಟಿನಲ್ಲಿ ಮುಂಬಯಿಯ ಅತಿ ಹಳೆಯ ಯೆಹೂದಿ ಪ್ರಾರ್ಥನಾ ಮಂದಿರವಿದೆ. 1796ರಲ್ಲಿ ಅದನ್ನು ಕಟ್ಟಿಸಿದವರು ಸ್ಯಾಮ್ಯುಯಲ್ ಎಝೆಕಿಯಲ್ ದಿವೇಕರ್, ಕಂಪನಿ ಸೈನ್ಯದ ಅಧಿಕಾರಿ. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಗಿದ್ದ ಅವರನ್ನು, ಕುರಾನಿನಲ್ಲಿ ಹೆಸರಿರುವ ಜನ ಇವರೆಂದು ಟಿಪ್ಪುವಿನ ತಾಯಿಯೇ ಉಳಿಸಿದರೆಂಬ ಕಥೆಯಿದೆ. ಮಂದಿರ ಕಟ್ಟಿಸುವ ಹರಕೆ ಹೊತ್ತದ್ದು ನಮ್ಮ ಸೀಮೆಯಲ್ಲಿ, ತೀರಿಸಿದ್ದು ಇಲ್ಲಿ!

ಸಂಜೆ ಹಾರ್ಬರ್ ಲೈನಿನ ಲೋಕಲ್ ಹಿಡಿದು ಚೆಂಬೂರಿಗೆ ಹೊರಟೆ. ಡಾಕ್‌ಯಾರ್ಡ್ ರೋಡ್, ರೇ ರೋಡ್, ಕಾಟನ್ ಗ್ರೀನ್ ಎಲ್ಲವೂ ಯಾರದೋ ಕಂಕುಳ ಸಂದಿಯಿಂದಲೇ ಕಂಡವು. ಕುರ್ಲಾದಲ್ಲಿ ಇಳಿಯುವವರು ನನ್ನನ್ನೂ ಇಳಿಸಿದರು, ಹತ್ತುವವರು ಮತ್ತೆ ಹತ್ತಿಸಿದರು. ನನ್ನ ಪ್ರಯತ್ನವೇನೂ ಇರಲಿಲ್ಲ.

ಚೆಂಬೂರಿನಲ್ಲಿ ರಿಕ್ಷಾ ಆರ್.ಕೆ. ಸ್ಟುಡಿಯೋ ಇದ್ದ ಜಾಗವನ್ನು ದಾಟುತ್ತದೆ. ರಾಜ್ ಕಪೂರ್ 1948ರಲ್ಲಿ ಕಟ್ಟಿದ ಸ್ಟುಡಿಯೋ 2017ರ ಬೆಂಕಿಯ ನಂತರ ಮಾರಾಟವಾಯಿತು. ಆರ್.ಕೆ.ಯ ‘ಶ್ರೀ 420’ರಲ್ಲಿ ಸಿಗರೇಟು ಹಿಡಿದು ಮೆರೆದ ನಾದಿರಾ ಬಾಗ್ದಾದಿ ಯೆಹೂದಿ, ನಿಜನಾಮ ಫ್ಲಾರೆನ್ಸ್ ಎಝೆಕಿಯಲ್. ಈ ರಾತ್ರಿ ನಾನು ನೋಡಲು ಹೊರಟ ಸಿನಿಮಾ ‘ಬೂಟ್ ಪಾಲಿಷ್’ ಕೂಡ ಆರ್.ಕೆ.ಯದೇ. ಅದರ ಜಾನ್ ಚಾಚಾ ಆದ ಡೇವಿಡ್ ಅಬ್ರಹಾಂ ಚೇವುಲ್ಕರ್ ಕೊಂಕಣದ ಬೆನೆ ಇಸ್ರೇಲ್ ಯೆಹೂದಿ.

ನಾನು ಉಳಿದುಕೊಂಡಿರುವ ಉಡುಪಿ ಮೂಲದ ಗೆಳೆಯನ ನೆರೆಮನೆಯ ಬೆನೆ ಇಸ್ರೇಲ್ ಕುಟುಂಬದಲ್ಲೇ ಯೆಹೂದಿಗಳ ದೀಪದ ಹಬ್ಬ ಹನುಕ್ಕಾ, ಜೊತೆಗೆ ಸಿನಿಮಾ. ಎಲ್ಲರೂ ಮಾವಶಿ ಎನ್ನುವ ಮನೆಯೊಡತಿ ಅಪ್ಪಟ ಮರಾಠಿಯಲ್ಲಿ ‘ಯಾ, ಬಸಾ’ ಎನ್ನುತ್ತಾರೆ. ಗೋಡೆಗೆ ಬಿಳಿ ಚಾದರದ ಪರದೆ, ಕಿಟಕಿಯ ಬಳಿ ಒಂಬತ್ತು ಕವಲಿನ ದೀಪಸ್ತಂಭ. ಇಂದು ನಾಲ್ಕನೆಯ ರಾತ್ರಿ, ನಾಲ್ಕು ಮೇಣದ ಬತ್ತಿ. ಅವನ್ನು ಹಚ್ಚುವ ಐದನೆಯದು ‘ಶಮ್ಮಾಶ್’, ಸೇವಕ ಬತ್ತಿ. ಬತ್ತಿಗಳನ್ನು ಬಲದಿಂದ ಎಡಕ್ಕೆ ಜೋಡಿಸಿ, ಇವತ್ತಿನ ಹೊಸ ಬತ್ತಿಯನ್ನೇ ಮೊದಲು ಹಚ್ಚುತ್ತಾರೆ. ಅರ್ಧ ಗಂಟೆಯಾದರೂ ಉರಿಯಬೇಕು, ಆದ್ದರಿಂದ ಫ್ಯಾನ್ ಬಂದ್! ಡಿಸೆಂಬರಿನಲ್ಲೂ ಬೆವರಿಳಿಸುವ ಊರಿನ ಪುಟ್ಟ ಹಾಲಿನಲ್ಲಿ ಇಡೀ ಮಾಳಿಗೆಯ ಜನ. ದೇವರ ಪವಾಡಕ್ಕಿಂತ ಬತ್ತಿ ಯಾವಾಗ ಮುಗಿಯುತ್ತದೆಂಬುದರ ಮೇಲೆಯೇ ನನ್ನ ಧ್ಯಾನ.

ಒಂದು ದಿನಕ್ಕಾಗುವಷ್ಟೇ ಎಣ್ಣೆ ಎಂಟು ದಿನ ಉರಿದ ಕಥೆ ಈ ಹಬ್ಬದ್ದು. ಕೊಂಕಣದ ಹಳ್ಳಿಗಳಲ್ಲಿ ಇವರ ಹಿರಿಯರ ಕಸುಬೂ ಎಣ್ಣೆಯದೇ. ಗಾಣ ತಿರುಗಿಸುತ್ತಿದ್ದ ಅವರು ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ, ಜನ ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗ, ಎಂದರು. ಆದರೆ ಶತಮಾನಗಳ ಕಾಲ ಹನುಕ್ಕಾ ಅವರಿಗೆ ಗೊತ್ತೇ ಇರಲಿಲ್ಲವಂತೆ. ಹಬ್ಬ ಹುಟ್ಟುವ ಮೊದಲೇ ಪೂರ್ವಜರ ಹಡಗು ಅಲಿಬಾಗಿನ ಬಳಿಯ ನವಗಾಂವದಲ್ಲಿ ಒಡೆಯಿತೆಂಬುದು ಅವರ ನಂಬಿಕೆ. ‘ಎಣ್ಣೆ ತೆಗೆದವರು ನಾವು, ಎಣ್ಣೆಯ ಹಬ್ಬ ಗೊತ್ತಾದದ್ದು ಕೊನೆಗೆ’ ಎಂದು ಮಾವಶಿ ನಗುತ್ತ ಬಟಾಟೆವಡೆ ಬಡಿಸುತ್ತಾರೆ. ಹಬ್ಬಕ್ಕೆ ಎಣ್ಣೆಯಲ್ಲಿ ಕರಿದದ್ದು ಬೇಕು. ವಡೆಗಿಂತ ಒಳ್ಳೆಯದು ಯಾವುದಿದೆ? ಜೊತೆಗೆ ಮಲಿದಾ: ಸಿಹಿ ಅವಲಕ್ಕಿ, ಕಾಯಿತುರಿ, ಹಣ್ಣು. ನಮ್ಮ ಗಣಪತಿ ಪೂಜೆಯ ಪಂಚಕಜ್ಜಾಯದ ಅಕ್ಕನಂತಿದೆ.

ಬತ್ತಿ ಆರುವವರೆಗೆ ಡ್ರೈಡೆಲ್ ಆಟ. ನಾಲ್ಕು ಮುಖದ ಬುಗುರಿ, ಮುಖಕ್ಕೊಂದು ಹೀಬ್ರೂ ಅಕ್ಷರ, ಪಣಕ್ಕೆ ಶೇಂಗಾ. ‘ಗಿಮೆಲ್’ ಬಿದ್ದರೆ ರಾಶಿಯೆಲ್ಲ ನಿಮ್ಮದು, ‘ಹೇ’ ಬಿದ್ದರೆ ಅರ್ಧ, ‘ನೂನ್’ ಬಿದ್ದರೆ ಏನಿಲ್ಲ, ‘ಶಿನ್’ ಬಿದ್ದರೆ ಕೈಯಿಂದಲೇ ಹಾಕಬೇಕು. ನನಗೆ ಶಿನ್ ಒಲಿದಿದೆ.

ಸಿನಿಮಾ ಮುಗಿದ ಮೇಲೆ ಚರ್ಚೆ. ಮಕ್ಕಳಿಗೆ ಭಿಕ್ಷೆ ಬೇಡಬೇಡಿ, ದುಡಿದು ತಿನ್ನಿ ಎನ್ನುವ ಜಾನ್ ಚಾಚಾ ತಾನೇ ಕಳ್ಳಭಟ್ಟಿ ಮಾರುತ್ತಾನಲ್ಲ, ಅವನು ಒಳ್ಳೆಯವನೇ ಎಂದು ಒಬ್ಬ ಹುಡುಗಿ ಕೇಳುತ್ತಾಳೆ. ದೊಡ್ಡವರಲ್ಲಿ ಜಗಳವೇ ಹತ್ತುತ್ತದೆ. ಮಾವಶಿಯ ಆಕ್ಷೇಪ ಬೇರೆ: ಯೆಹೂದಿ ಡೇವಿಡ್ ಇಲ್ಲಿ ಕ್ರೈಸ್ತ ಜಾನ್ ಆದರು, 1958ರ ‘ಯಹೂದಿ’ಯಲ್ಲಿ ಯೆಹೂದಿಯಾದದ್ದು ಪಾರ್ಸಿ ಸೊಹ್ರಾಬ್ ಮೋದಿ!

‘ಬೂಟ್ ಪಾಲಿಷ್’ ನೋಡದವರು ನೋಡಿ. ಕಣ್ಣೀರು ಕೊಂಚ ಹೆಚ್ಚು, ಆದರೆ ಡೇವಿಡ್ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಸುಮ್ಮನೆ ಬಂದದ್ದಲ್ಲ.