ಮಗಳಿಗೊಂದು ಡೋಲು

ಟೊಮ್ಯಾಟೊಗೆ ಔಷಧಿ ಹೊಡೆದು ಮನೆಗೆ ಬಂದರೆ ಹಿತ್ತಲಲ್ಲಿ ಡಬ್ ಡಬ್ ಸದ್ದು. 2 ವರ್ಷದ ಮಗಳು ಖಾಲಿ ಔಷಧಿ ಡಬ್ಬ ಬೋರಲು ಹಾಕ್ಕೊಂಡು ಕಡ್ಡೀಲಿ ಬಾರಿಸ್ತಿದ್ದಳು. ಕಡ್ಡಿ ಒಂದ್ಸಲ ಡಬ್ಬದ ಮೇಲೆ, ಒಂದ್ಸಲ ಬಾಯಲ್ಲಿ. ಎದೆ ಧಸಕ್ಕಂತು. ಕೈ ಬಾಯಿ ತೊಳೆದು, ಲೇಬಲ್ ಇರೋ ಡಬ್ಬ ಕವರಲ್ಲಿ ಹಾಕ್ಕೊಂಡೇ ಆಸ್ಪತ್ರೆಗೆ ಓಡಿದ್ವಿ. ದೇವರ ದಯೆ, ಏನೂ ಆಗಲಿಲ್ಲ.

ಬೈದರೆ ಕೇಳೋ ವಯಸ್ಸಲ್ಲ. ಬಾರಿಸೋಕೆ ಅವಳಿಗೂ ಏನಾದ್ರೂ ಬೇಕಲ್ಲ? ಮಾರನೇ ದಿನ ಚನ್ನಪಟ್ಟಣಕ್ಕೆ ಹೋದೆ. ಅಂಗಡೀಲಿ ಲೈಟು ಹತ್ತೋ ಪ್ಲಾಸ್ಟಿಕ್ ಡೋಲು ಇತ್ತು. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂನೇ ಇಲ್ಲ, ಉಗುರಲ್ಲಿ ಎತ್ತಿದ್ರೆ ಬಂತು. ಬೇಡ ಅಂದೆ. ಅರಗಿನ ಬಣ್ಣದ ಮರದ ಡೋಲು ತಗೊಂಡೆ. ಕೋಲು ಗಿಡ್ಡ, ತುದಿ ದಪ್ಪ ಗುಂಡು, ಗಂಟಲಿಗೆ ಇಳಿಯಲ್ಲ. ಕೆರೆದು ನೋಡಿದೆ, ಬಣ್ಣ ಏಳಲಿಲ್ಲ. ಸದ್ದೂ ಮೆತ್ತಗೆ.

ಡೋಲು ತಂದಿದ್ದು ಅರ್ಧ ಕೆಲಸ ಅಷ್ಟೇ. ಈಗ ಡಬ್ಬ ಖಾಲಿ ಆದ ತಕ್ಷಣ ಹೊಲದಲ್ಲೇ 3 ಸಲ ತೊಳೆದು, ಆ ನೀರನ್ನ ಸ್ಪ್ರೇಯರಿಗೇ ಸುರಿದು, ಡಬ್ಬಕ್ಕೆ ತೂತು ಹೊಡೆದು ಶೆಡ್ಡಲ್ಲಿಟ್ಟು ಬೀಗ ಹಾಕ್ತೀನಿ. ತಪ್ಪು ಮಗೂದಲ್ಲ, ಡಬ್ಬ ಹಿತ್ತಲಿಗೆ ಎಸೆದ ನಂದು. ನಿಮ್ಮ ಹಿತ್ತಲನ್ನೂ ಇವತ್ತೇ ಒಂದು ಸುತ್ತು ನೋಡ್ಬಿಡಿ.